ಶಿಲುಬೆಯ ಹಿಂದಿನ ಗರಿ

ನಾನು ಒಂದು ತೆಂಗಿನ ಗರಿ. ನಮ್ಮವರು ಸಾಮಾನ್ಯವಾಗಿ ಪೊರಕೆಯಾಗುತ್ತಾರೆ, ಇಲ್ಲವೇ ಚಪ್ಪರ ಸೇರುತ್ತಾರೆ. ನನ್ನ ಹಣೆಬರಹ ಬೇರೆ. ನಾನಿನ್ನೂ ಎಳೆಹಳದಿಯಾಗಿದ್ದಾಗಲೇ ಗರಿಗಳ ಭಾನುವಾರ ಬಂತು. ಯೇಸುಸ್ವಾಮಿ ಕತ್ತೆಯೇರಿ ಪಟ್ಟಣ ಹೊಕ್ಕ ದಿನವದು. ಅದರ ನೆನಪಿಗೆ ನಮ್ಮನ್ನು ಕೊಯ್ದು ಮೆರವಣಿಗೆ ಮಾಡಿ, ಮನೆಗೊಯ್ದು ಶಿಲುಬೆಯ ಹಿಂದೆ ಸಿಕ್ಕಿಸುತ್ತಾರೆ. ಮುಂದಿನ ವರ್ಷ ತಪಸ್ಸಿನ ಕಾಲ ಶುರುವಾಗುವ ಬೂದಿ ಬುಧವಾರಕ್ಕೆ ನಮ್ಮನ್ನೇ ಸುಟ್ಟು, ಆ ಬೂದಿಯನ್ನು ಎಲ್ಲರ ಹಣೆಗಿಡುತ್ತಾರೆ. ಸುಡುವ ದಿನ ಮೊದಲೇ ಗೊತ್ತಿದ್ದರೆ ನೆಮ್ಮದಿಯಿಂದ ಇರುವುದು ಹೇಗೆ ಹೇಳಿ? ಬೆಂಕಿಕಡ್ಡಿ ಗೀರಿದ ಸದ್ದಿಗೇ ನಾನು ನಡುಗುತ್ತಿದ್ದೆ.

ನನ್ನನ್ನು ಹೆಣೆದವನು ಚೌರಪ್ಪ. ಚರ್ಚಿನ ಮೆಟ್ಟಿಲ ಮೇಲೆ ಕೂತು, ಮಾತಾಡುತ್ತಲೇ ನನ್ನನ್ನು ಮಡಿಸಿ ಶಿಲುಬೆ ಮಾಡಿ, ಅವ್ವ ಲೂರ್ದಮ್ಮನ ಕೈಗಿಟ್ಟ. ಅವನ ಅಣ್ಣ ಇನ್ನಾಸಪ್ಪ ಪೂಜೆಯಲ್ಲಿ ಬೈಬಲ್ ವಾಚನ ಓದುವವನು. ಆ ಭಾನುವಾರ ಯೇಸು ಸಾಯುವ ಮುನ್ನ ಪಟ್ಟ ಪಾಡಿನ ಕಥೆಯನ್ನು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಓದುತ್ತಾರೆ. ಇನ್ನಾಸಪ್ಪನಿಗೆ ಪೇತ್ರನ ಪಾತ್ರ ಬಂದಿತ್ತು. ಗುರು ಸೆರೆಯಾದಾಗ, ಅವನು ಯಾರೋ ಏನೋ ಎಂದುಬಿಟ್ಟ ಶಿಷ್ಯ ಪೇತ್ರ. ಇನ್ನಾಸಪ್ಪ ಚೆನ್ನಾಗಿಯೇ ಓದಿದ.

ಹೊರಬಂದರೆ ಗೇಟಿನಲ್ಲಿ ರೇಷ್ಮೆ ಕಾರ್ಖಾನೆಯ ಮಾಲೀಕ ನಿಂತಿದ್ದ. ಅಣ್ಣ ತಮ್ಮ ಇಬ್ಬರೂ ದುಡಿಯುತ್ತಿದ್ದುದು ಅವನಲ್ಲೇ. ಒಂದು ಮೂಟೆ ರೇಷ್ಮೆಗೂಡು ಕಾಣುತ್ತಿಲ್ಲ, ಕದ್ದವನು ಚೌರಪ್ಪನೇ ಎಂದು ಕೂಗಾಡಿದ. ಆಮೇಲೆ ಇನ್ನಾಸಪ್ಪನ ಕಡೆ ತಿರುಗಿದ.

"ನಿಂಗೂ ಇದ್ರಲ್ಲಿ ಪಾಲಿದೆಯೇನಯ್ಯ?"

ಇನ್ನಾಸಪ್ಪ ತಮ್ಮನ ಪಕ್ಕದಿಂದ ಒಂದು ಹೆಜ್ಜೆ ಸರಿದ. "ಅವ್ನಿಗೂ ನಂಗೂ ಸಂಬಂಧ ಇಲ್ಲ ಯಜಮಾನ್ರೇ. ಅವ್ನೇನ್ ಮಾಡ್ತಾನೋ ನಂಗೊತ್ತಿಲ್ಲ."

ಊರಿಗೆ ಊರೇ ಕೇಳಿಸಿಕೊಂಡಿತು. ಚೌರಪ್ಪ ಅಣ್ಣನನ್ನೊಮ್ಮೆ ನೋಡಿ ಕೆರೆಯಾಚೆ ನಡೆದವನು ಅಲ್ಲೇ ಒಂದು ಶೆಡ್ಡಿನಲ್ಲಿ ಬಿಡಾರ ಹೂಡಿದ. ವಾರ ಕಳೆಯುವುದರೊಳಗೆ ಮೂಟೆ ಮಾಲೀಕನ ಗೋದಾಮಿನಲ್ಲೇ ಸಿಕ್ಕಿತು. ಆದರೂ ಚೌರಪ್ಪ ಮನೆ ಕಡೆ ತಲೆ ಹಾಕಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದು ಇನ್ನಾಸಪ್ಪನೂ ಕೂತುಬಿಟ್ಟ.

ಪ್ರತಿ ಶನಿವಾರ ಅವನು, ಮನೆಯ ಗೋಡೆಯ ಶಿಲುಬೆಯ ಹಿಂದೆ ಸೇರಿದ್ದ ನನ್ನೆದುರು ನಿಂತು ಮರುದಿನದ ವಾಚನಗಳನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದ. ಹೀಗಾಗಿ ದೇವರ ವಾಕ್ಯ ನನ್ನ ಕಿವಿಗೂ ಬಿತ್ತು. ಯೇಸು ಸಾವು ಗೆದ್ದು ಎದ್ದ ಪಾಸ್ಕ ಹಬ್ಬಕ್ಕೆ ಬರಿದಾದ ಸಮಾಧಿ. ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದ ಪಂಚಾಶತ್ತಮ ಹಬ್ಬಕ್ಕೆ ಬೆಂಕಿಯ ನಾಲಗೆಗಳು. ಅದನ್ನು ಕೇಳಿ ನನ್ನ ಜೀವವೇ ಹಾರಿಹೋಗಿತ್ತು. ಆಮೇಲೆ ಚರ್ಚಿನ ಗುರುಗಳು ಪೂಜೆಗೆ ಹಸಿರು ವಸ್ತ್ರ ತೊಡುವ ಉದ್ದನೆಯ ಸಾಧಾರಣ ಕಾಲ ಬಂತು, ನಾನು ಒಣಗುತ್ತ ಹೋದೆ. ಮನೆ ಬಿಟ್ಟು ಹೋದ ಮಗನ ಕಥೆ ಓದಿದ ದಿನ ಲೂರ್ದಮ್ಮ ಎದ್ದು ಅಡಿಗೆಮನೆಯ ಬಾಗಿಲು ಹಾಕಿಕೊಂಡಳು. ಕ್ರಿಸ್‌ಮಸ್ಸಿಗೆ ಮುಂಚಿನ ಆಗಮನ ಕಾಲದಲ್ಲಿ ಪ್ರಭುವಿಗೆ ದಾರಿ ನೆಟ್ಟಗೆ ಮಾಡಿ ಎಂದು ಓದಿದ ಮಹಾರಾಯ ಕೆರೆಯಾಚೆಯ ದಾರಿಯನ್ನು ಮಾತ್ರ ತುಳಿಯಲಿಲ್ಲ. ನನಗೆ ಸಿಟ್ಟೇ ಬಂತು. ಕ್ರಿಸ್‌ಮಸ್ ಊಟಕ್ಕೆ ಅವ್ವ ಚೌರಪ್ಪನಿಗೂ ತಟ್ಟೆ ಇಟ್ಟಳು. ಅದು ಹಾಗೇ ಆರಿತು.

ಚಳಿಗೆ ಲೂರ್ದಮ್ಮನ ಉಬ್ಬಸ ಹೆಚ್ಚಿ ಆಕೆ ಮಂಚ ಹಿಡಿದಳು. ಕಣ್ಣು ಮುಚ್ಚುವುದರೊಳಗೆ ಇಬ್ಬರನ್ನೂ ಒಂದೇ ಸೂರಿನಡಿ ನೋಡಬೇಕು, ಆಕೆಗಿದ್ದದ್ದು ಅದೊಂದೇ ಆಸೆ. ಬೂದಿ ಬುಧವಾರ ಹತ್ತಿರ ಬಂತು. ಚರ್ಚಿನ ಉಪದೇಶಿ ಹಳೆಯ ಗರಿ ಕೇಳಿಕೊಂಡು ಬಂದ.

"ಹೆಣೆದೋನೇ ಬಂದು ಇಳಿಸ್ಲಿ. ಬರ್ದೇ ಇದ್ರೆ ನನ್ ಜೊತೇಲೇ ಮಣ್ಣಿಗಾಕಿ," ಎಂದಳು ಲೂರ್ದಮ್ಮ.

ನಾಚಿಕೆಗೆಟ್ಟ ನಾನು ಬದುಕಿದೆನಲ್ಲ ಎಂದು ಹಿಗ್ಗಿದೆ.

ಮಂಗಳವಾರ ಮಧ್ಯಾಹ್ನ ಇನ್ನಾಸಪ್ಪ ಮರುದಿನದ ವಾಚನ ಹಿಡಿದ. ಬಟ್ಟೆ ಹರಿದುಕೊಂಡರೆ ಸಾಲದು, ಎದೆಯನ್ನೇ ಹರಿದುಕೊಂಡು ಬನ್ನಿ ಎನ್ನುವ ಪ್ರವಾದಿಯ ಮಾತು. ಅಲ್ಲಿಗೆ ಬಂದು ನಿಂತ. ಮತ್ತೆ ಮೊದಲಿಂದ ಓದಿದ, ಮತ್ತೆ ಅಲ್ಲೇ ನಿಂತ. ಕೊನೆಗೆ ಕೈ ಚಾಚಿ ನನ್ನನ್ನೇ ಕಿತ್ತುಕೊಂಡ. ಲೂರ್ದಮ್ಮ ಮಂಚದಿಂದ ನೋಡುತ್ತಿದ್ದಳು, ಬೇಡವೆನ್ನಲಿಲ್ಲ.

ಶೆಡ್ಡಿನ ಮುಂದೆ ಚೌರಪ್ಪ ಒಲೆ ಊದುತ್ತಿದ್ದ. ಬೆಂಕಿ ನೋಡಿ ನನಗೆ ಸಿಡಿಲು ಬಡಿದಂತಾಯಿತು.

"ಏನಣ್ಣ, ಸಂಬಂಧ ಇಲ್ದೋರ ಮನೆಗಂಟ ಬಂದ್ಬುಟ್ಟೆ?"

"ತಪ್ಪಾಯ್ತು ಕಣೋ ಚೌರಿ. ಕೆಲ್ಸ ಹೋಗ್ತದೆ ಅಂತ ಹೆದ್ರುಕೊಂಬುಟ್ಟೆ. ನೀ ಕದ್ದಿಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು."

ಗೊತ್ತಿತ್ತು ಎಂಬ ಮಾತು ಕಿವಿಗೆ ಬಿದ್ದದ್ದೇ ಚೌರಪ್ಪ ಎದ್ದು ಬಂದು ನನ್ನನ್ನು ಕಸಿದು ಒಲೆಗೆ ತುರುಕಿದ. ಎಲ್ಲ ಮುಗಿಯಿತೆಂದು ಇನ್ನಾಸಪ್ಪ ತಲೆ ತಗ್ಗಿಸಿ ತಿರುಗಿದ. ನಾನು ಚಟಪಟ ಉರಿದೆ. ವರ್ಷವೆಲ್ಲ ಹೆದರಿದ್ದ ಕೆಲಸ ಉಸಿರು ಬಿಡುವಷ್ಟರಲ್ಲಿ ಆಗಿಹೋಯಿತು.

"ನಿಂತ್ಕೊಳಣ್ಣ."

ಚೌರಪ್ಪ ಕಡ್ಡಿಯಿಂದ ನನ್ನನ್ನು ಒಲೆಯಂಚಿಗೆ ಎಳೆದು, ಬಿಸಿಬಿಸಿ ಬೂದಿಗೆ ಹೆಬ್ಬೆರಳೊತ್ತಿ, ಅಣ್ಣನ ಹಣೆಯ ಮೇಲೆ ಶಿಲುಬೆ ಎಳೆದ.

"ಸ್ವಾಮಿಗಳು ನಾಳೆ ಇಡ್ತಾರೆ. ನಂದು ಇವತ್ತೇ ಇರ್ಲಿ. ನಡಿ, ಅವ್ವ ಕಾಯ್ತಿರ್ತಾಳೆ."

ಮರುದಿನ ಪೂಜೆಗೆ ಅಣ್ಣನ ಹಣೆಯ ಮೇಲೆ ನಾನೂ ಹೋಗಿದ್ದೆ. ಎದೆ ಹರಿದುಕೊಳ್ಳುವ ಆ ಮಾತಿಗೆ ಬಂದಾಗ ಇನ್ನಾಸಪ್ಪ ಮತ್ತೆ ತಡೆದು ನಿಂತ. ಹಿಂದಿನ ಬೆಂಚಿನಿಂದ ಯಾರೋ ಕೆಮ್ಮಿದರು. ಚೌರಪ್ಪನ ಕೆಮ್ಮು ಇನ್ನಾಸಪ್ಪನಿಗೆ ಗೊತ್ತಾಗದೆ ಇರುತ್ತದೆಯೇ? ಅವನು ಮುಂದಕ್ಕೆ ಓದಿದ.

ನಾನೀಗ ಹಿಡಿಯಷ್ಟೂ ಇಲ್ಲ. ಮಂಗಳವಾರ ಸಂಜೆ ಮಕ್ಕಳಿಬ್ಬರೂ ಒಳಗೆ ಬಂದಾಗ ಲೂರ್ದಮ್ಮ ಎದ್ದು ಕೂತಳು. ಚಿಕ್ಕವನ ಕೈ ಹಿಡಿದು, ಹೆಬ್ಬೆರಳ ಕಪ್ಪನ್ನು ತನ್ನ ಸೆರಗಿನಲ್ಲಿ ಒರೆಸಿದಳು. ಆ ಸೀರೆಯನ್ನು ಒಗೆಯಲು ಆಕೆ ಇನ್ನೂ ಬಿಟ್ಟಿಲ್ಲ. ನಾನು ಅಲ್ಲಿದ್ದೇನೆ.