ಇಳಿಸಿಟ್ಟ ಎಂಜಿನ್

"ಏನಾಗದೆ ಸಾ ಇದ್ಕೆ?" ಎಂದು ಮೆಕ್ಯಾನಿಕ್ ಚಿಕ್ಕಣ್ಣ ಎರಡನೆಯ ಸಲ ಕೇಳಿದ. ಹೆರಾಲ್ಡ್ ಕಾರಿನ ಬಾನೆಟ್ಟು ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ಮಗುಚಿಕೊಂಡಿತ್ತು. ಒಳಗೆ ಎಂಜಿನ್ನು ಹದವಾಗಿ ಸದ್ದು ಮಾಡುತ್ತಲೇ ಇತ್ತು. ಅವನು ಬಗ್ಗಿ ಕಿವಿಗೊಟ್ಟು ಕೇಳಿ, ತಲೆ ಅಲ್ಲಾಡಿಸಿದ. "ಗಡಿಯಾರ ನಡ್ದಂಗೆ ನಡೀತಾ ಅದೆ."

"ಆಫ್ ಮಾಡಿ ಎಂಜಿನ್ ಇಳ್ಸು ಅಂದ್ನಲ್ಲಪ್ಪ," ಎಂದ ಪುಟ್ಟರಾಜು, ರಸ್ತೆಗೆ ಕಾಣದಂತೆ ತನ್ನ ಮನೆಯ ಶೆಡ್ಡಿನ ಬಾಗಿಲನ್ನು ಅರ್ಧ ಎಳೆಯುತ್ತ. "ನಾಳೆ ಬಂದು ವಾಪಸ್ ಕೂರ್ಸುವಂತೆ."

"ಇಳ್ಸಿ ಏನ್ ಮಾಡನ?"

"ಏನೂ ಮಾಡ್ಬ್ಯಾಡ. ಇಳ್ಸಿ ಮಡಗು."

ಚಿಕ್ಕಣ್ಣ ಅವನ ಮುಖವನ್ನೊಮ್ಮೆ ನೋಡಿ ಸ್ಪ್ಯಾನರು ತೆಗೆದುಕೊಂಡ.

ಮಂಗಳವಾರ ಪುಟ್ಟರಾಜುವಿನ ಅಣ್ಣ ಮರಿಗೌಡ ಹಲಗೂರು ಕಡೆಯ ಬಸ್ಸಿನಲ್ಲಿ ಮಂಡ್ಯಕ್ಕೆ ಬಂದವನು ತಮ್ಮನ ಆಫೀಸಿನ ಗೇಟಿನ ಹತ್ತಿರ ನಿಂತು ಹೇಳಿ ಕಳಿಸಿದ್ದ. ಬರುವ ಭಾನುವಾರ ಬಿಟ್ಟು ಅದರಾಚೆಯ ಭಾನುವಾರ ಮಗಳ ಮದುವೆ. ಧಾರೆ ಮುಗಿದ ಮೇಲೆ ಹೆಣ್ಣು ಗಂಡನ್ನು ಮದ್ದೂರಿಗೆ ತಮ್ಮನ ಕಾರಿನಲ್ಲಿ ಕಳಿಸಬೇಕೆಂಬುದು ಅವನ ಆಸೆ. ಆದರೆ ಅದೇ ಭಾನುವಾರಕ್ಕೆ ಪುಟ್ಟರಾಜು ಕಾರನ್ನು ತನ್ನ ಸಾಹೇಬರಿಗೆ ಒಪ್ಪಿಕೊಂಡುಬಿಟ್ಟಿದ್ದ. ಅವರ ಬೀಗರು ಶಿವನಸಮುದ್ರದ ನೀರು ಬೀಳುವುದನ್ನು ನೋಡಬೇಕಂತೆ. ಸಾಹೇಬರು ಕೇಳಿಯೂ ಇರಲಿಲ್ಲ. ಅವರು ಬಸ್ಸಿನ ಮಾತೆತ್ತಿದಾಗ ಇವನೇ ಮುಂದೆ ಬಿದ್ದು, "ನನ್ನ ಕಾರಿದೆಯಲ್ಲ ಸಾರ್" ಎಂದಿದ್ದ. ಅದನ್ನು ಅಣ್ಣನಿಗೆ ಹೇಳುವುದು ಹೇಗೆ? ನಾಲಗೆ ತಾನಾಗಿ ಬೇರೆಯದನ್ನು ಆಡಿತು.

"ಎಂಜಿನ್ನೇ ಇಳ್ಸಾಕಿವ್ನಿ ಕಣಣ್ಣ. ಎತ್ತಿ ಕೂರ್ಸಾಕೆ ಜನ ಸಿಕ್ತಾ ಇಲ್ಲ. ಯಾವಾಗಾಯ್ತದೋ."

ಮರಿಗೌಡ "ಅಯ್ಯೋ ಪಾಪ" ಎಂದು ತಮ್ಮನ ಬೆನ್ನು ತಟ್ಟಿ ಹೋಗಿದ್ದ. ಮುಗಿಯಿತೆಂದುಕೊಂಡರೆ, ಶನಿವಾರ ಬೆಳಿಗ್ಗೆ ಊರಿನವನೊಬ್ಬ ಸುದ್ದಿ ತಂದ: "ನಿಮ್ಮಣ್ಣ ನಾಳಿಕ್ಕೆ ಬತ್ತಾರಂತೆ. ರೈಸ್ ಮಿಲ್ಲಿಂದ ಚೈನ್ ಪುಲ್ಲಿ ಇಸ್ಕೊಂಡವ್ರೆ, ಎಂಜಿನ್ ಎತ್ತಾಕೆ."

ಅಣ್ಣ ಬರುವಷ್ಟರಲ್ಲಿ ಎಂಜಿನ್ನು ಕೆಳಗಿರಬೇಕಿತ್ತು. ಚಿಕ್ಕಣ್ಣ ಇಬ್ಬರು ಹಮಾಲರನ್ನು ಕರೆಸಿ, ಬಿದಿರಿನ ಗಳಕ್ಕೆ ಹಗ್ಗ ಕಟ್ಟಿ, ಸಂಜೆಯ ಹೊತ್ತಿಗೆ ಎಂಜಿನ್ನನ್ನು ಎತ್ತಿ ಗೋಣಿಚೀಲದ ಮೇಲೆ ಇಳಿಸಿದ. ಅದಿದ್ದ ಜಾಗದಲ್ಲಿ ಶೆಡ್ಡಿನ ನೆಲ ಕಾಣುತ್ತಿತ್ತು. ಹೆಂಡತಿ ಹೊಂಬಾಳಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು.

"ಕೊಡಾಕಾಗಕಿಲ್ಲ ಅಂತ ಬಾಯ್ಬುಟ್ಟು ಯೋಳಿದ್ರೆ ಬಾವ ಒಂದಿನ ಬೇಜಾರ್ ಮಾಡ್ಕತಿದ್ರು, ಅಷ್ಟೆಯ," ಎಂದಳು.

ಭಾನುವಾರ ಮೊದಲ ಬಸ್ಸಿಗೇ ಮರಿಗೌಡ ಬಂದ. ಹೆಗಲ ಮೇಲಿನ ಗೋಣಿಚೀಲದಲ್ಲಿ ಸರಪಳಿ ಝಣಗುಟ್ಟುತ್ತಿತ್ತು. ಅದರ ಭಾರಕ್ಕೆ ಕತ್ತು ಒಂದು ಕಡೆ ವಾಲಿತ್ತು. ಮಗಳ ಮದುವೆಗೆ ಒಂದು ವಾರವಿರುವ ಮನುಷ್ಯ. ಚಪ್ಪರ ಹಾಕಿಸುವುದು, ಸೌದೆ ಹೊಂದಿಸುವುದು, ನೆಂಟರನ್ನು ಕರೆಯುವುದು ಎಲ್ಲ ಬಿಟ್ಟು ಬಂದಿದ್ದ. ಕಾಫಿಯನ್ನೂ ನಿಂತೇ ಕುಡಿದ. ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಪಂಚೆ ಎತ್ತಿಕಟ್ಟಿ, ಶೆಡ್ಡಿನ ತೊಲೆಗೆ ಚೈನು ಬಿಗಿದ.

ಚಿಕ್ಕಣ್ಣ ಕಾರಿನಡಿಗೆ ತೂರಿ ಮಲಗಿದ. ಪುಟ್ಟರಾಜು ಚೈನು ಎಳೆಯುವವನು. ಗಾಳಿಯಲ್ಲಿ ತೂಗಾಡುವ ಎಂಜಿನ್ನನ್ನು ತಬ್ಬಿ ಹಿಡಿದು ಜಾಗಕ್ಕೆ ತರುವವನು ಮರಿಗೌಡ. ಎದೆಯ ಬಿಳಿಕೂದಲಿಗೆಲ್ಲ ಎಣ್ಣೆ ಮೆತ್ತಿಕೊಂಡಿತು. "ಒಸಿ ಎಡಕ್ಕೆ ಗೌಡ್ರೆ... ಇನ್ನೊಸಿ... ಬುಡಿ ಕೆಳೀಕೆ," ಎಂದು ಅಡಿಯಿಂದ ಚಿಕ್ಕಣ್ಣ ಕೂಗಿದ. ಪುಟ್ಟರಾಜುವಿನ ಬೆವೆತ ಕೈಯಿಂದ ಚೈನು ಜಾರಿತು. ಎಂಜಿನ್ನು ಗಕ್ಕನೆ ಒಂದು ಗೇಣು ಇಳಿಯಿತು. ಮರಿಗೌಡ "ಅವ್ವಾ" ಎಂದ. ಅವನ ಬೆರಳು ಕಬ್ಬಿಣದ ನಡುವೆ ಸಿಕ್ಕಿಕೊಂಡಿತ್ತು.

ಬಿಡಿಸಿದಾಗ ಉಗುರು ಕಪ್ಪಾಗಿ, ಪಕ್ಕದ ತೊಗಲು ಸುಲಿದು ರಕ್ತ ಬರುತ್ತಿತ್ತು. ಹೊಂಬಾಳಮ್ಮ ಓಡಿಬಂದು ಅರಿಸಿನ ಮೆತ್ತಿ ಬಟ್ಟೆ ಕಟ್ಟಿದಳು. ಕಟ್ಟುತ್ತ ಒಂದು ಸಲ ತಲೆಯೆತ್ತಿ ಗಂಡನನ್ನು ನೋಡಿದಳು. ಪುಟ್ಟರಾಜು ಚೈನನ್ನು ನೋಡಿದ.

"ಏನಿಲ್ಲ ಬುಡವ್ವ, ನೇಗ್ಲಲ್ಲಿ ಇದ್ಕಿಂತ ದೊಡ್ಡವು ಆಗವೆ," ಎಂದು ಮರಿಗೌಡ ನಕ್ಕ. ಆಮೇಲೆ ಕಾರಿನಡಿಯಿಂದ ಹೊರಗೆ ಬಂದ ಚಿಕ್ಕಣ್ಣನನ್ನು ಕೇಳಿದ: "ಅಲ್ಲ ಕಣಪ್ಪ, ಏನಾಗಿತ್ತು ಇದ್ಕೆ? ಇಷ್ಟೊಂದು ಪಾಡು ಬೀಳೋ ಅಂಗೆ?"

ಚಿಕ್ಕಣ್ಣ ಚಿಂದಿಬಟ್ಟೆಯಲ್ಲಿ ನಿಧಾನವಾಗಿ ಕೈ ಒರೆಸಿಕೊಂಡ. ಅವನ ಕಣ್ಣು ಪುಟ್ಟರಾಜುವಿನ ಮೇಲೆ ಒಂದು ಗಳಿಗೆ ನಿಂತು, ಅಣ್ಣನ ಕಡೆ ತಿರುಗಿತು.

"ಪಿಸ್ಟನ್ ರಿಂಗು ಸವ್ದೋಗಿದ್ವು ಗೌಡ್ರೆ. ಇಳುಸ್ದೆ ಗತಿ ಇರ್ನಿಲ್ಲ."

ನಿನ್ನೆ ಮೊನ್ನೆ ಮುಖ ಕಂಡವನು. ಅವನು ತನಗಾಗಿ ಸುಳ್ಳು ಹೇಳಿದ. ಪುಟ್ಟರಾಜುವಿಗೆ ಕಿವಿಯ ತುದಿಯವರೆಗೂ ಉರಿ ಹತ್ತಿತು. ಚಿಕ್ಕಣ್ಣ ಆಮೇಲೆ ಅವನ ಕಡೆ ನೋಡಲೂ ಇಲ್ಲ.

ಮಧ್ಯಾಹ್ನದ ಊಟದ ಹೊತ್ತಿಗೆ ಬೋಲ್ಟುಗಳೆಲ್ಲ ಬಿಗಿದಿದ್ದವು. ಕೀಲಿ ತಿರುಗಿಸಿದ್ದೇ ಎಂಜಿನ್ನು ಎಂದಿನ ಹಾಗೆ ಎದ್ದಿತು. "ಆಹಾ, ಒಂದೇ ಏಟ್ಗೆ!" ಎಂದು ಮರಿಗೌಡ ಕಟ್ಟಿದ ಬೆರಳನ್ನು ಮರೆತು ಚಪ್ಪಾಳೆ ತಟ್ಟಿದ.

ಅಣ್ಣನನ್ನು ಅದೇ ಕಾರಿನಲ್ಲಿ ಬಸ್ ಸ್ಟಾಂಡಿಗೆ ಬಿಟ್ಟುಬರಲು ಹೊರಟಾಗ ದಾರಿಯಲ್ಲಿ ಪುಟ್ಟರಾಜುವೇ ಮಾತು ತೆಗೆದ. ಸಾಹೇಬರು ಏನಾದರೂ ಅಂದುಕೊಳ್ಳಲಿ ಎಂದು ಅಷ್ಟರಲ್ಲಿ ಅವನು ಮನಸ್ಸು ಗಟ್ಟಿಮಾಡಿಕೊಂಡಿದ್ದ.

"ಅಣ್ಣ, ಮದ್ವೆಗೆ ಕಾರು ತತ್ತೀನಿ. ನಾನೇ ಓಡುಸ್ಕಂಡು ಮದ್ದೂರ್ಗೆ ಬುಡ್ತೀನಿ."

"ಬ್ಯಾಡ ಕಣ್ಲಾ. ಬುಧ್ವಾರವೇ ಜೋಡೆತ್ತಿನ ಗಾಡಿ ಒಪ್ಸಿವ್ನಿ. ಬೀಗ್ರೂ ಆಗ್ಲಿ ಅಂದ್ರು."

"ಮತ್ತೆ... ಇವತ್ತು ಯಾಕ್ ಬಂದೆ, ಮದ್ವೆ ಕೆಲ್ಸ ಬುಟ್ಟು?"

"ಜನ ಸಿಕ್ತಾ ಇಲ್ಲ ಅಂದ್ಯಲ್ಲ," ಎಂದ ಮರಿಗೌಡ, ಅದರಲ್ಲಿ ಕೇಳುವುದೇನಿದೆ ಎಂಬಂತೆ. "ಗೇಟತ್ರ ನಿನ್ ಮೊಕ ನೋಡಾಕಾಗ್ನಿಲ್ಲ, ಅಷ್ಟು ಬಾಡೋಗಿತ್ತು."

ಪುಟ್ಟರಾಜು ಸ್ಟೇರಿಂಗನ್ನು ಬಿಗಿಯಾಗಿ ಹಿಡಿದ. "ಇರ್ಲಿ ಅಣ್ಣ, ಗಾಡಿ ಬ್ಯಾಡ ಅಂತ ಯೋಳ್ಬುಡು. ನಾನ್ ಬತ್ತೀನಿ."

"ಸುಮ್ಕಿರ್ಲಾ. ಈಗ್ ತಾನೇ ಕೂರ್ಸಿರೋ ಎಂಜಿನ್ನು. ಅಷ್ಟ್ ದೂರ ಓಡ್ಸಿ, ತಿರ್ಗ ಕೆಟ್ರೆ? ನಾಕ್ ದಿನ ಜ್ವಾಪಾನ ಮಾಡ್ಕೊ."

ಹೇಳಬೇಕು, ಈಗಲೇ ಹೇಳಿಬಿಡಬೇಕು ಎಂದು ಅವನು ಬಾಯಿ ತೆರೆದ. "ಬೆರ್ಳು ನೋಯ್ತಾ ಅದಾ?" ಎಂದಷ್ಟೇ ಬಂತು.

ಹಲಗೂರಿನ ಬಸ್ಸು ಹೊರಡುವುದರಲ್ಲಿತ್ತು. ಮರಿಗೌಡ ಚೀಲ ಹೊತ್ತು ಹತ್ತಿ, ಕಿಟಕಿಯ ಪಕ್ಕ ಕೂತ. ಊರ ಕಡೆಯವರು ಯಾರೋ ಗುರುತು ಹಿಡಿದು ಬೆರಳಿಗೆ ಏನಾಯಿತೆಂದು ಕೇಳಿರಬೇಕು. ಅವನು ಎರಡು ಕೈಗಳನ್ನೂ ಅಗಲಿಸಿ, ಭಾರವಾದದ್ದೇನನ್ನೋ ತಬ್ಬಿ ಎತ್ತುವವನಂತೆ ಮೇಲಕ್ಕೆ ತಂದು ತೋರಿಸುತ್ತಿದ್ದ. ಸುತ್ತಲಿನವರು ಬಾಯಿ ಬಿಟ್ಟುಕೊಂಡು ಆ ಖಾಲಿ ಕೈಗಳ ನಡುವೆ ನೋಡಿದರು. ಆಮೇಲೆ ಎಲ್ಲರೂ ಕಿಟಕಿಯತ್ತ ತಿರುಗಿ, ಕೆಳಗೆ ನಿಂತಿದ್ದ ತಮ್ಮನನ್ನು ನೋಡಿ ನಕ್ಕು ಕೈಬೀಸಿದರು.