ಒಂದು ಕಸಿ ಬಾಕಿ

ಕೈಗೆ ಕತ್ತರಿ ಬಂತೆಂದರೆ ರೇಣಮ್ಮನಿಗೆ ಮೈಮೇಲೆ ಖಬರಿರುತ್ತಿರಲಿಲ್ಲ. ಸುರಪುರದ ಕುರುಬರ ಓಣಿಯಲ್ಲಿ ಇದು ಕೂಸುಕುನ್ನಿಗೂ ಗೊತ್ತಿದ್ದ ಮಾತು. ಒಲೆಯ ಮೇಲೆ ಸಾರು ಉಕ್ಕಿ ಬೆಂಕಿ ಆರಿಹೋಗಲಿ, ಆಕೆ ಖಣದ ತುಂಡಿಗೆ ತುಂಡು ಹೊಂದಿಸುತ್ತ ಕೂತಿರುವವಳೇ. ಅತ್ತೆ ಮಲಕಮ್ಮ ಅಂಗಳದಿಂದಲೇ ಕೂಗುವಳು.

"ಏ ರೇಣಿ, ಸಾರೆಲ್ಲಾ ಒಲಿಗೇ ಉಣಸಾಕತ್ತೀಯೇನ? ನಮಗೊಂದೀಟು ಉಳಸ್ತೀಯೋ ಇಲ್ಲೋ?"

ಆಕೆ ಹೊಲಿಯುತ್ತಿದ್ದದ್ದು ಕುಂಚಿಗೆ. ಕೂಸಿನ ತಲೆಗೆ ಟೊಪ್ಪಿಗೆಯ ಹಾಗೆ ಕೂತು, ಬೆನ್ನ ತುಂಬ ಇಳಿದು, ಗದ್ದದ ಕೆಳಗೆ ಎರಡು ಕಸಿ, ಅಂದರೆ ಬಟ್ಟೆಯ ಪಟ್ಟಿ, ಕಟ್ಟಿಸಿಕೊಳ್ಳುವ ಕುಂಚಿಗೆ. ಅದಿಲ್ಲದೆ ಆ ಸೀಮೆಯಲ್ಲಿ ಯಾವ ಕೂಸೂ ತೊಟ್ಟಿಲೇರುತ್ತಿರಲಿಲ್ಲ. ಕೂಸು ಹುಟ್ಟಿದ ಮೇಲೆ ಅಜ್ಜಿಯೋ ಸೋದರತ್ತೆಯೋ ಕೂತು ಹೊಲಿಯುವುದು ರೂಢಿ. ಎಲ್ಲ ಅಜ್ಜಿಯರ ಕೈಯೂ ನೆಟ್ಟಗಿರುತ್ತದೆಯೆ? ಒಬ್ಬಾಕೆಯದು ಕೂಸಿನ ಕಣ್ಣು ಮುಚ್ಚುವಷ್ಟು ದೊಡ್ಡದು, ಇನ್ನೊಬ್ಬಾಕೆಯದು ಕಿವಿಗೂ ಮುಟ್ಟದಷ್ಟು ಚಿಕ್ಕದು. ರೇಣಮ್ಮನದು ಮಾತ್ರ ಅಳತೆಗೆ ಅಳತೆ. ಹಣೆಗೆ ಇಳಕಲ್ಲಿನ ಖಣದ ಅಂಚು, ಒಳಗೆ ಮೆತ್ತನೆಯ ಅಸ್ತರು, ಬೆನ್ನಿಗೆ ಬಣ್ಣಬಣ್ಣದ ಮುಮ್ಮೂಲೆ ತುಂಡುಗಳು. ನೋಡಿದವರು ಕೂಸನ್ನು ಬಿಟ್ಟು ಕುಂಚಿಗೆಯನ್ನೇ ಮುದ್ದು ಮಾಡಬೇಕು, ಹಾಗೆ!

ಅದು ಐವತ್ತಾರನೆಯ ಇಸವಿ. ನಿಜಾಮನ ಆಳಿಕೆ ಮುಗಿದು ಎಂಟು ವರ್ಷವಾಗಿತ್ತು. ಈ ದೀಪಾವಳಿಯ ಹೊತ್ತಿಗೆ ಕನ್ನಡದವರೆಲ್ಲ ಒಂದೇ ರಾಜ್ಯವಾಗುತ್ತಾರಂತೆ ಎಂದು ಊರ ತುಂಬ ಅದೇ ಸುದ್ದಿ. ಉರ್ದು ಬೋರ್ಡುಗಳ ಮೇಲೆ ಕನ್ನಡ ಅಕ್ಷರ ಏರುತ್ತಿದ್ದವು. ರೇಣಮ್ಮನೂ ದೊಡ್ಡವರ ಶಾಲೆಗೆ ಹೋಗಿ ಮೂರು ತಿಂಗಳಲ್ಲಿ ಓದುಬರಹ ಕಲಿತಳು. ತನ್ನ ಹೆಸರಿನ ಮೊದಲ ಅಕ್ಷರವನ್ನು ಪಾಟಿಯ ಮೇಲೆ ಬರೆದ ದಿನ ಆಕೆಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮನೆಗೆ ಬಂದವಳೇ ಕೈಯಲ್ಲಿದ್ದ ಕುಂಚಿಗೆಯ ಒಳಮಗ್ಗುಲಿಗೆ ಕೆಂಪು ದಾರದಿಂದ 'ರೇ' ಎಂದು ಹೊಲಿದುಬಿಟ್ಟಳು. ಹೊಲಿದು, ದೂರ ಹಿಡಿದು ನೋಡಿ, ಒಮ್ಮೆಲೇ ಎದ್ದು ಪಕ್ಕದ ಓಣಿಯ ಇಮಾಮಬೀಯ ಮನೆಗೆ ಓಡಿದಳು.

ಇಮಾಮಬೀ ದರ್ಜಿ ಖಾಜಾಹುಸೇನನ ಹೆಂಡತಿ. ಗಂಡ ಯಾದಗಿರಿಯ ಹತ್ತಿ ಮಿಲ್ಲಿನಲ್ಲಿ ಕೆಲಸ ಸಿಕ್ಕಿತೆಂದು ಹೋದ ಮೇಲೆ ಅವನ ಹೊಲಿಗೆ ಮಿಷನ್ನು ಹೊದಿಕೆ ಹೊದ್ದು ಮೂಲೆಯಲ್ಲಿ ಕೂತಿತ್ತು.

"ಅಕ್ಕಾ, ಮಿಲ್ಲಿನ ಬಟ್ಟಿ ಥಾನಿನ ಮ್ಯಾಲ ಛಾಪ ಇರತದಲ್ಲ, ನಮ್ಮದಕ್ಕೂ ಯಾಕ ಇರಬಾರದು? ಯಾರರ ಬಂದು ಕೇಳೂತನಕ ಯಾಕ ಕಾಯೂದು? ಹೊಲದು ಇಡೂಣು. ಅಂಗಡ್ಯಾಗ ಇಡೂಣು. ಮಂದಿ ಬಂದು ತಯಾರ ಮಾಲು ಒಯ್ಯಲಿ!"

ಇಮಾಮಬೀ ಕಣ್ಣು ಕಿರಿದು ಮಾಡಿ ಆ ಕೆಂಪು ಅಕ್ಷರ ನೋಡಿದಳು. "ಮಿಷನ್ ನಂದು, ಛಾಪ ನಿನ್ನ ಒಬ್ಬಾಕಿದ? ವಾರೆವ್ವಾ! ನಂದೂ ಒಂದು ಅಕ್ಷರ ಹಾಕು, ನಾಳಿನಿಂದ ತುಳಿತೀನಿ."

ಹೀಗೆ 'ರೇ ಇ' ಎಂಬ ಛಾಪ ಹುಟ್ಟಿತು. ಹಗಲೆಲ್ಲ ಮಿಷನ್ನು ಕಟಕಟ, ಇಬ್ಬರ ಬಾಯಿಯೂ ಅದರ ಜೊತೆ ಕಟಕಟ. ಯಾವ ಬಣ್ಣಕ್ಕೆ ಯಾವ ಬಣ್ಣ ಎಂದು ದಿನಕ್ಕೆ ನಾಲ್ಕು ಜಗಳ, ನಾಲ್ಕು ಸಲ ಚಹಾ.

ಆದರೆ ಮನೆಯಲ್ಲಿ ಬೇರೆ ಲೆಕ್ಕವಿತ್ತು. ದೀಪಾವಳಿ ಅಮಾವಾಸ್ಯೆ ಮುಗಿದ ಮರುದಿನ ಕುರಿ ಹಿಂಡು ಹೊಳೆಸಾಲಿನ ಕಡೆ ಹೊರಡುತ್ತದೆ. ರೇಣಮ್ಮನ ಗಂಡ ಅಯ್ಯಣ್ಣನ ಜೊತೆ ಅಡುಗೆಗೆ, ಮರಿ ನೋಡಲಿಕ್ಕೆ ಮನೆಯ ಹೆಂಗಸೊಬ್ಬಳು ಹೋಗಲೇಬೇಕು. ಒಂದು ವರ್ಷ ಅತ್ತೆ, ಒಂದು ವರ್ಷ ಸೊಸೆ. ಈ ವರ್ಷದ ಪಾಳಿ ರೇಣಮ್ಮನದು. ಹೋದರೆ ಯುಗಾದಿಯವರೆಗೆ ಸೂಜಿ ಮುಟ್ಟುವ ಮಾತಿಲ್ಲ.

"ಈ ಒಂದು ವರ್ಷ ಬಿಡ್ರಿ ಅತ್ತಿ," ಎಂದು ಆಕೆ ಕೇಳಿದಾಗ ಮಲಕಮ್ಮ ಉಣ್ಣೆ ನೂಲುವ ಕದಿರು ನಿಲ್ಲಿಸಿದಳು.

"ಎಷ್ಟು ಹೊಲದೀರಿ?"

"ಎರಡು ಡಜನ್."

"ಅಮಾಸಿ ಒಳಗ ಎರಡೂ ಡಜನ್ ಹೋದ್ರ ಕುರಿ ಹಿಂದ ನಾ ಹೋಗ್ತೀನಿ. ಒಂದು ಉಳದ್ರೂ ಕತ್ರಿ ಪೆಟ್ಟಿಗ್ಯಾಗ ಇಟ್ಟು ನೀ ನಡೀಬೇಕು. ಆಮ್ಯಾಲ ಅಳೂದು ಕರಿಯೂದು ನಡ್ಯಂಗಿಲ್ಲ."

"ಆತ್ರಿ!" ಎಂದಳು ರೇಣಮ್ಮ. ಎರಡು ಡಜನ್ ಏನು ಮಹಾ? ಎರಡು ದಿನದ ಮಾತು ಎಂದೇ ಆಕೆ ತಿಳಿದಿದ್ದಳು.

ದಸರೆ ಮುಗಿಯುತ್ತಲೇ ಶಹಾಪುರದ ಬಸವಂತರಾಯರ ಬಟ್ಟೆ ಅಂಗಡಿಗೆ ಮಾಲು ಹೋಯಿತು. ಬಸವಂತರಾಯರು ಕನ್ನಡಕ ಏರಿಸಿ, ಕುಂಚಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಭೇಷ್ ಕೈ ಅದ ತಂಗಿ," ಎಂದು ಎದುರಿನ ಹಲಗೆಯ ಮೇಲೆಯೇ ಜಾಗ ಕೊಟ್ಟರು. ಬರುವಾಗ ಮೋಟಾರಿನಲ್ಲಿ ರೇಣಮ್ಮ ಇಮಾಮಬೀಯ ತೋಳು ಚಿವುಟಿ ಚಿವುಟಿ ಕೆಂಪು ಮಾಡಿದ್ದಳು.

ಅಮಾವಾಸ್ಯೆಗೆ ಒಂದು ವಾರ ಇದ್ದಾಗ ಇಬ್ಬರೂ ಉಬ್ಬಿಕೊಂಡು ಮತ್ತೆ ಹೋದರು. ಹಲಗೆಯ ಮೇಲೆ ಇಪ್ಪತ್ತನಾಲ್ಕಕ್ಕೆ ಇಪ್ಪತ್ತನಾಲ್ಕೂ ಹಾಗೇ ಇದ್ದವು!

ಯಾಕೆಂದು ಕೇಳುವ ಮೊದಲೇ ಕಾರಣ ಬಾಗಿಲಿಗೆ ಬಂತು. ಗೊಲ್ಲಾಳಮ್ಮ ಎಂಬ ಮುದುಕಿ, ಅದೇ ಊರಾಕೆ, ಮಗಳ ಬಾಣಂತನದ ಬಟ್ಟೆಗೆಂದು ಬಂದಿದ್ದಳು. ಕುಂಚಿಗೆ ಕಂಡವಳೇ ಎತ್ತಿಕೊಂಡು ಎದೆಗೊತ್ತಿಕೊಂಡಳು. "ಏನ್ ಚಂದ ಹೊಲದಾರವ್ವ! ಇದು ಯಾರ ಕೂಸಿಂದು?"

"ಯಾರದೂ ಅಲ್ರೆವ್ವಾ. ಮಾರಾಕ ಹೊಲದದ್ದು," ಎಂದಳು ರೇಣಮ್ಮ.

"ಯಾರದೂ ಅಲ್ಲ?" ಮುದುಕಿಯ ಮುಖ ಇಳಿಯಿತು. "ಕುಂಚಗಿ ಪೂರಾ ಆಗ್ಯದ, ಕಸಿನೂ ಹಚ್ಚ್ಯಾರ, ಮತ್ತ ಕೂಸಿಲ್ಲ ಅಂದ್ರ... ಕೂಸು ಎಲ್ಲಿ ಹೋತವ್ವ?" ಎಂದವಳೇ ಕುಂಚಿಗೆಯನ್ನು ಮೆಲ್ಲಗೆ ಕೆಳಗಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡು, ಬಟ್ಟೆಯನ್ನೂ ಕೊಳ್ಳದೆ ಹೊರಟುಹೋದಳು.

ರೇಣಮ್ಮ ಆ ಕುಂಚಿಗೆಯನ್ನು ಕೈಗೆತ್ತಿಕೊಂಡಳು. ಇಷ್ಟು ದೊಡ್ಡ ಮಾತು ತನಗೆ ಹೊಳೆಯಲೇ ಇಲ್ಲವಲ್ಲ! ಹುಟ್ಟದ ಕೂಸಿಗೆ ಯಾರೂ ಬಟ್ಟೆ ಹೊಲಿಯುವುದಿಲ್ಲ. ಹುಟ್ಟಿದ ಕೂಸಿನದನ್ನು ಯಾರೂ ಮಾರುವುದಿಲ್ಲ. ಅಂದಮೇಲೆ ಮಾರಾಟಕ್ಕೆ ಬಂದ ಕುಂಚಿಗೆ ಸತ್ತ ಕೂಸಿನದಲ್ಲದೆ ಇನ್ನಾರದು? ಬಸವಂತರಾಯರು ಮುಜುಗರದಿಂದ ಗಂಟಲು ಸರಿಮಾಡಿಕೊಂಡರು.

"ಊರಾಗ ಎಲ್ಲಾ ಹಿಂಗ ಅನ್ನಾಕತ್ತಾರ ತಂಗಿ. ಅಮಾಸಿಗೆ ಅಂಗಡ್ಯಾಗ ಲಕ್ಷ್ಮಿ ಪೂಜಿ ಅದ. ಇವನ್ನ ಇವತ್ತ ಒಯ್ದುಬಿಡು. ನಿನ್ನ ಕೈಗೇನೂ ಕಮ್ಮಿ ಇಲ್ಲ, ನಮ್ಮ ಮಂದೀನ ಹಿಂಗ."

ಗಂಟು ಕಟ್ಟಿಕೊಂಡು ಬಂದರು. ದಾರಿಯುದ್ದಕ್ಕೂ ಇಮಾಮಬೀಯೇ ಮಾತಾಡಿದಳು. ಅತ್ತೆಯ ಮುಖ ಹೇಗೆ ನೋಡುವುದು ಎಂಬ ಒಂದೇ ಯೋಚನೆ ರೇಣಮ್ಮನನ್ನು ಕಿತ್ತು ತಿನ್ನುತ್ತಿತ್ತು.

ಮರುದಿನ ಬೆಳಿಗ್ಗೆ ಕಕ್ಕೇರಾದ ಮಲ್ಕಪ್ಪನೆಂಬ ರೈತ ಕಂಬಳಿ ಕೊಳ್ಳಲು ಮನೆಗೆ ಬಂದ. ಮಲಕಮ್ಮ ಕಂಬಳಿ ಹಾಸಿ ತೋರಿಸಿದಳು. ಸುತ್ತಲೂ ಕುಚ್ಚು ಹೊಸೆದು ಗಂಟು ಹಾಕಿತ್ತು, ಒಂದು ಮೂಲೆಯ ಎಳೆ ಮಾತ್ರ ಸಡಿಲವಾಗಿ ಜೋತಾಡುತ್ತಿದ್ದವು. ಆ ಮನೆಯ ಪದ್ಧತಿಯೇ ಅದು. ಮಲ್ಕಪ್ಪ ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಎಳೆ ಹೊಸೆದು, ತನ್ನ ಕೈಯಾರೆ ಗಂಟು ಹಾಕಿ, ಕಂಬಳಿಯನ್ನು ಹೆಗಲಿಗೇರಿಸಿಕೊಂಡ.

ರೇಣಮ್ಮ ಈ ಮನೆಗೆ ಬಂದ ಹನ್ನೊಂದು ವರ್ಷದಲ್ಲಿ ಇದನ್ನು ನೂರು ಸಲ ನೋಡಿದ್ದಳು. ಒಮ್ಮೆಯೂ ಕೇಳಿರಲಿಲ್ಲ. ಇವತ್ತು ಕೇಳಿದಳು.

"ಅತ್ತಿ, ಆ ಮೂಲಿ ಯಾಕ ಹಂಗ ಬಿಡ್ತೀರಿ?"

"ಕೊಂಡವ ಕಟ್ಟಲಿ ಅಂತ. ಎಲ್ಲಾ ಗಂಟೂ ನಾವ ಹಾಕಿದ್ರ ಅದು ನಮ್ಮ ಕಂಬಳಿ. ಕಡಿ ಗಂಟು ಯಾರು ಹಾಕ್ತಾರ, ಕಂಬಳಿ ಅವ್ರದು. ಇಷ್ಟೂ ಗೊತ್ತಿಲ್ಲೇನ ನಿನಗ?"

ರೇಣಮ್ಮ ಕೂತಲ್ಲಿಂದ ಚಿಮ್ಮಿ ಎದ್ದಳು. ಅತ್ತೆಯ ಎರಡೂ ಗಲ್ಲ ಹಿಡಿದು ಲಟಿಕೆ ಮುರಿದು, "ನೀವು ನಮ್ಮವ್ವ ಅದೀರಿ!" ಎಂದವಳೇ ಕುಂಚಿಗೆಯ ಗಂಟು ಹೊತ್ತು ಇಮಾಮಬೀಯ ಮನೆಗೆ ದೌಡಾಯಿಸಿದಳು. ಮಲಕಮ್ಮ ಗಲ್ಲ ಒರೆಸಿಕೊಳ್ಳುತ್ತ, "ಇದಕ್ಕೇನು ಹುಚ್ಚು ಹಿಡದದೇನ," ಎಂದು ಮಲ್ಕಪ್ಪನ ಮುಖ ನೋಡಿದಳು.

ಇಬ್ಬರೂ ಕೂತು ಇಪ್ಪತ್ತನಾಲ್ಕು ಕುಂಚಿಗೆಯಿಂದಲೂ ಒಂದೊಂದು ಕಸಿ ಬಿಚ್ಚಿದರು. ಬಿಚ್ಚಿದ ಕಸಿಗೆ ಒಂದು ಗೇಣು ಕೆಂಪು ದಾರ ಸುತ್ತಿ, ಕುಂಚಿಗೆಯ ಒಳಗೆ ಮಡಚಿಟ್ಟರು. ಮಿಷನ್ನಿನ ಹೊಲಿಗೆ ಬಿಚ್ಚುವುದೆಂದರೆ ಹಾಕಿದ್ದಕ್ಕಿಂತ ಎರಡು ಪಟ್ಟು ಕೆಲಸ. ಇಮಾಮಬೀ ಒಂದೊಂದು ಎಳೆಗೂ ಒಂದೊಂದು ಬೈಗುಳ ಬೈದಳು, ಆದರೂ ನಗುನಗುತ್ತಲೇ ಬೈದಳು.

ಅಮಾವಾಸ್ಯೆಗೆ ಎರಡು ದಿನ ಮೊದಲು ಶಹಾಪುರದಲ್ಲಿ ಹಬ್ಬದ ಸಂತೆ. ರೇಣಮ್ಮ ಬಸವಂತರಾಯರಿಗೆ ಕೈಮುಗಿದಳು. "ಸಾವಕಾರ್ರ, ಒಳಗ ಬ್ಯಾಡ್ರಿ. ಹೊರಗ ಕಟ್ಟಿ ಮ್ಯಾಲ ಒಂದು ದಿನ ಕುಂಡ್ರಾಕ ಬಿಡ್ರಿ, ಸಾಕು."

ಮಧ್ಯಾಹ್ನವಾದರೂ ಯಾರೂ ಹತ್ತಿರ ಸುಳಿಯಲಿಲ್ಲ. ಆಗ ಗೊಲ್ಲಾಳಮ್ಮ ಬಂದಳು. ಬಂದು, ನೋಡಿ, ಮುಖ ತಿರುಗಿಸಿ ಹೊರಟಳು.

"ಅವ್ವಾರ, ನಿಲ್ರಿ!" ರೇಣಮ್ಮ ಕಟ್ಟೆ ಇಳಿದು ಅಡ್ಡ ನಿಂತಳು. "ಇದು ಇನ್ನಾ ಕುಂಚಗಿ ಆಗಿಲ್ರಿ. ನೋಡ್ರಿ, ಒಂದು ಕಸಿ ಬಾಕಿ ಅದ. ಅದನ್ನ ಹಚ್ಚೂದು ನನ್ನ ಕೆಲಸ ಅಲ್ಲ. ಕೂಸಿನ ಮನಿಯವ್ರೇ ಹಚ್ಚಬೇಕು. ಹಚ್ಚೂತನಕ ಇದು ಬರೇ ಅರಬಿ, ಬಟ್ಟಿ ತುಂಡು."

ಮುದುಕಿ ಕುಂಚಿಗೆ ತೆಗೆದುಕೊಂಡು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿದಳು. ಖಾಲಿ ಇದ್ದ ಮಗ್ಗುಲನ್ನು ಹೆಬ್ಬೆರಳಿನಿಂದ ಸವರಿದಳು. ಇಮಾಮಬೀ ರೇಣಮ್ಮನ ಸೆರಗು ಜಗ್ಗುತ್ತಿದ್ದಳು.

"ಪಾಡ್ಯದ ದಿನ ಮೊಮ್ಮಗಳ ಹೆಸರಿಡೂದು," ಎಂದಳು ಮುದುಕಿ ಕೊನೆಗೆ. "ನಂಗ ಕಣ್ಣು ಸರಿ ಕಾಣಂಗಿಲ್ಲ. ಪೂರಾ ಕುಂಚಗಿ ಹೊಲ್ಯಾಕ ಆಗಲಿಲ್ಲಂತ ಎಂಟು ದಿನದಿಂದ ಅಳಾಕತ್ತೀನಿ. ಒಂದು ಕಸಿ ಆದ್ರ ಹಚ್ಚೇನು." ಕಟ್ಟೆಯ ಮೇಲೆ ಕೂತು ಕೈ ಚಾಚಿದಳು. "ಸೂಜಿ ಪೋಣಿಸಿ ಕೊಡವ್ವ."

ಹತ್ತು ಹೊಲಿಗೆ ಹಾಕಿದಳೋ ಹನ್ನೆರಡೋ. ಸೊಟ್ಟಗೆ, ದೊಡ್ಡ ದೊಡ್ಡ ಹೊಲಿಗೆ. ಹಲ್ಲಿನಿಂದ ದಾರ ಕಡಿದು, ಕುಂಚಿಗೆಯನ್ನು ಎತ್ತಿ ಹಿಡಿದು, ಸಂತೆಗೆಲ್ಲ ಕೇಳುವ ಹಾಗೆ, "ಇದು ನನ್ನ ಮೊಮ್ಮಗಳದು!" ಎಂದು ಕೂಗಿದಳು.

ಅಬ್ಬಬ್ಬಾ, ಆಮೇಲೆ ನೋಡಬೇಕಿತ್ತು! ಹೆಂಗಸರು ಮುತ್ತಿಕೊಂಡರು. ಕಟ್ಟೆಯ ಮೇಲೆ ಜಾಗ ಸಾಲದೆ ಮೆಟ್ಟಿಲ ಮೇಲೆ, ಎತ್ತಿನ ಗಾಡಿಯ ಮೂಕಿಯ ಮೇಲೆ ಕೂತು ಕಸಿ ಹಚ್ಚತೊಡಗಿದರು. ಒಬ್ಬಾಕೆಯ ಸೊಸೆಗೆ ಆಗಿನ್ನೂ ಏಳು ತಿಂಗಳು. "ಹುಟ್ಟೂಕ್ಕಿಂತ ಮೊದ್ಲ ಒಯ್ಯಬಾರದಲ್ಲ," ಎಂದು ಆಕೆ ಅನುಮಾನಿಸಿದಾಗ ಗೊಲ್ಲಾಳಮ್ಮನೇ ಗದರಿಸಿದಳು. "ಪೂರಾ ಆಗಿದ್ರ ಒಯ್ಯಬಾರದು. ಇದೆಲ್ಲಿ ಪೂರಾ ಆಗ್ಯದ? ಒಯ್ದು ಇಡು, ಹುಟ್ಟಿದ ದಿನ ಹಚ್ಚು!"

ಬಸವಂತರಾಯರು ಹೊರಗೆ ಬಂದು, "ನನ್ನ ಅಂಗಡಿ ಮುಂದ ದರ್ಜಿ ದುಕಾನ ಇಟ್ಟೀರೇನ?" ಎಂದು ಹುಬ್ಬು ಗಂಟಿಕ್ಕಿದರು. ಸ್ವಲ್ಪ ಹೊತ್ತಿಗೆ ಅವರೇ ಒಳಗಿನಿಂದ ಜಮಖಾನೆ ತಂದು ಹಾಸಿದರು. ಸಂಜೆ ಮೋಟಾರು ಹತ್ತುವ ಮುಂಚೆ, "ಸಂಕ್ರಮಣದೊಳಗ ನನಗ ಮೂರು ಡಜನ್ ಬೇಕು. ಯಾದಗಿರಿ ಸ್ಟೇಷನ್ ರಸ್ತೇದಾಗ ನಮ್ಮ ಅಳಿಯನ ಅಂಗಡಿ ಅದ, ಅವಗ ಇನ್ನೊಂದು ಮೂರು," ಎಂದರು. ಇಮಾಮಬೀ ಅಲ್ಲೇ ಎರಡೂ ಕೈಯಿಂದ ರೇಣಮ್ಮನ ದೃಷ್ಟಿ ತೆಗೆದು ಲಟಿಕೆ ಮುರಿದಳು. ಸಂತೋಷಕ್ಕೆ ಇಬ್ಬರ ಕಣ್ಣಲ್ಲೂ ನೀರು.

ಆದರೆ ಗಂಟಿನಲ್ಲಿ ಒಂದು ಕುಂಚಿಗೆ ಉಳಿದಿತ್ತು. ಹಸಿರು ಅಸ್ತರಿನದು. ಒಂದೇ ಒಂದು.

"ನಾ ಒಯ್ತೀನಿ ಬಿಡು, ಹೋತು ಅಂತ ಹೇಳು," ಎಂದಳು ಇಮಾಮಬೀ. ರೇಣಮ್ಮ ತಲೆ ಅಲ್ಲಾಡಿಸಿದಳು. ಅತ್ತೆಗೆ ಸುಳ್ಳು ಹೇಳಿ ಈ ಛಾಪ ನಡೆಸುವುದು ಆಕೆಗೆ ಬೇಡವಾಗಿತ್ತು.

ಮನೆಗೆ ಬಂದು, ಅಯ್ಯಣ್ಣನ ಎದುರಿಗೇ, ಉಳಿದ ಕುಂಚಿಗೆಯನ್ನು ಅತ್ತೆಯ ಮುಂದಿಟ್ಟಳು. "ಇಪ್ಪತ್ಮೂರು ಹೋದ್ವು ಅತ್ತಿ. ಒಂದು ಉಳೀತು. ಮಾತು ಮಾತ. ಕತ್ರಿ ಪೆಟ್ಟಿಗ್ಯಾಗ ಇಡ್ತೀನಿ." ಆರು ಡಜನ್ ಕೇಳಿದ್ದಾರೆ ಎಂಬುದನ್ನು ಹೇಳದೆ ಕತ್ತರಿ ತರಲು ಎದ್ದಳು. ಅದನ್ನು ಬಾಗಿಲಲ್ಲಿ ನಿಂತಿದ್ದ ಇಮಾಮಬೀಯೇ ಹೇಳಿದಳು.

ಮಲಕಮ್ಮ ಕುಂಚಿಗೆ ಎತ್ತಿಕೊಂಡು ಅಂಚು ನೋಡಿದಳು, ಅಸ್ತರು ನೋಡಿದಳು, ಒಳಗೆ ಮಡಚಿಟ್ಟ ಕಸಿಯನ್ನು ನೋಡಿ ಮೂಗಿನಲ್ಲೇ ನಕ್ಕಳು.

"ನನ್ನ ಕಂಬಳಿ ಕಸಬು ಕದ್ದೀ ಅಲ್ಲೇನ, ಕಳ್ಳಿ?" ಸೊಂಟದ ಚೀಲ ಬಿಚ್ಚಿ ಒಂದು ರೂಪಾಯಿ ತೆಗೆದು ಸೊಸೆಯ ಕೈಗೆ ತುರುಕಿದಳು. "ಇದು ನಂದು. ಕೊಂಡೆ. ಎರಡೂ ಡಜನ್ ಹೋದ್ವು. ಅಯ್ಯಣ್ಣಾ, ಅಮಾಸಿ ಮರುದಿನ ಕತ್ತೀ ಬೆನ್ನ ಮ್ಯಾಲ ನನ್ನ ಗಂಟೂ ಏರಿಸು."

"ಅತ್ತಿ! ಯಾರ ಕೂಸಿಗ್ರಿ ಇದು?"

"ಕುರಿ ಹಿಂದ ಎಷ್ಟು ಊರು ತಿರಗ್ತೀನಿ ನಾನು! ಕಕ್ಕೇರಾ, ಕೊಡೇಕಲ್, ನಾರಾಯಣಪುರ... ಎಲ್ಲಾ ಕಡೆ ಬಾಣಂತ್ಯಾರು ಇರಂಗಿಲ್ಲೇನ? ತೋರಸಾಕ ಒಂದು ಬೇಕಲ್ಲ." ಮಾತಾಡುತ್ತಲೇ ಕುಂಚಿಗೆಯ ಒಳಮಗ್ಗುಲು ತಿರುವಿ ಕೆಂಪು ಅಕ್ಷರಗಳ ಮೇಲೆ ಬೆರಳಾಡಿಸಿದಳು. "ಇದು ನಿಂದು. ಇದು ಆಕಿದು. ಹೌದಿಲ್ಲ? ಮತ್ತ ಊರೂರು ಹೊತ್ತು ತಿರುಗಾಕಿದು ಎಲ್ಲದ?"

ರೇಣಮ್ಮ ಸೀಮೆಸುಣ್ಣ ತಂದು, 'ರೇ ಇ' ಪಕ್ಕದಲ್ಲಿ ದುಂಡಗೆ 'ಮ' ಎಂದು ಬರೆದಳು. ಬರೆದು ಸೂಜಿಗೆ ದಾರ ಪೋಣಿಸಿ ಇನ್ನೇನು ಚುಚ್ಚಬೇಕು, ಮಲಕಮ್ಮ ಆಕೆಯ ಕೈ ಹಿಡಿದಳು.

"ತಾ ಇಲ್ಲಿ," ಎಂದಳು. "ಅದನ್ನ ನಾನ ಹೊಲಿಬೇಕು."