ಒಂದು ಡೆಕಾ ಕಡಿಮೆ

ಹಂಗೇರಿಯ ಸೆಗೆಡ್ ಊರಿನ ಮಾರುಕಟ್ಟೆಯಲ್ಲಿ ಎಟೆಲ್ಕಾ ಮೂವತ್ನಾಲ್ಕು ವರ್ಷಗಳಿಂದ ಸಲಾಮಿ, ಹ್ಯಾಮು, ಚೀಸು ಕತ್ತರಿಸಿ ತೂಗಿ ಕೊಡುತ್ತಾ ಬಂದಿದ್ದಳು. ಅವಳ ಬಾಯಲ್ಲಿ ಗ್ರಾಂ ಎಂಬ ಮಾತೇ ಇಲ್ಲ. ಹತ್ತು ಗ್ರಾಂ ಸೇರಿದರೆ ಒಂದು ಡೆಕಾ; ಅದಕ್ಕಿಂತ ಚಿಕ್ಕದನ್ನೆಲ್ಲ ಅಕ್ಕಸಾಲಿಗರು ನೋಡಿಕೊಳ್ಳಲಿ ಎಂಬುದು ಅವಳ ವಾದ. ಹತ್ತು ಡೆಕಾ ಕೇಳಿದವರಿಗೆ ಹನ್ನೆರಡು ಕತ್ತರಿಸಿ, ಎರಡು ಜಾಸ್ತಿಯಾಯಿತು, ಇರಲಾ ಎಂದು ಕೇಳುವಳು. ಇರಲಿ ಬಿಡಿ ಎನ್ನುವರು. ಎರಡು ಡೆಕಾ ಅಲ್ಲಿ ಯಾರ ಲೆಕ್ಕಕ್ಕೂ ಇರಲಿಲ್ಲ.

ಮೊಮ್ಮಗಳು ಪನ್ನಾ ಎರಡು ತಿಂಗಳು ಮೊದಲೇ ಹುಟ್ಟಿದಳು ನೋಡಿ, ಎಟೆಲ್ಕಾಳ ಈ ಧಾರಾಳವೆಲ್ಲ ಮಾಯವಾಯಿತು. ಕೂಸು ತೂಗಿದ್ದು ನೂರನಲವತ್ತೆರಡು ಡೆಕಾ. ಭಾನುವಾರದ ಸಾರಿಗೆ ಅವಳು ತರುವ ಕೋಳಿಯೇ ಅದಕ್ಕಿಂತ ದಪ್ಪ. ಎರಡು ಕಿಲೋ ಇಪ್ಪತ್ತು ಡೆಕಾ ಆಗುವವರೆಗೆ ಮನೆಗೆ ಕಳಿಸುವುದಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟರು.

ಆಸ್ಪತ್ರೆಯವರದು ಬೇರೆಯೇ ಭಾಷೆ. ತೂಕ ಗ್ರಾಮಿನಲ್ಲಿ, ಹಾಲು ಮಿಲಿಲೀಟರಿನಲ್ಲಿ, ಔಷಧಿ ಮಿಲಿಗ್ರಾಮಿನಲ್ಲಿ. ಮಗಳು ಟಿಮೆಯಾ ದಿನಾ ಬೆಳಗ್ಗೆ ಫೋನಿನಲ್ಲಿ ಹೇಳಿದ ಗ್ರಾಮುಗಳನ್ನು ಎಟೆಲ್ಕಾ ಡೆಕಾ ಮಾಡಿ, ಅಂಗಡಿಯ ಮುಂದೆ ಸಾಲು ನಿಂತವರಿಗೆ ಸಾರುತ್ತಿದ್ದಳು. ಮೂರು ಡೆಕಾ ಏರಿದ ದಿನ ಸಾಲಿಗೆ ಸಾಲೇ ಹಿಗ್ಗುತ್ತಿತ್ತು. ಒಂದು ಡೆಕಾ ಇಳಿದ ದಿನ, ಪೆನ್ಶನ್ ಮೇಷ್ಟರೊಬ್ಬರು ಸಲಾಮಿ ಕೊಳ್ಳುವುದನ್ನೇ ಮರೆತು ಮನೆಗೆ ಹೋದರು.

ಆರು ವಾರ ಹೀಗೇ ಕಳೆಯಿತು. ಒಂದು ಶುಕ್ರವಾರ, ಇವತ್ತು ಕೂಸನ್ನು ಮನೆಗೆ ಕಳಿಸಿಯಾರೆಂದು ಎಟೆಲ್ಕಾ ಅಂಗಡಿ ಮುಚ್ಚಿ, ಕೂಸಿಗೆ ಹೊಸ ಬಟ್ಟೆ ಹಿಡಿದು ಆಸ್ಪತ್ರೆಗೆ ಓಡಿದಳು. ನರ್ಸ್ ಗಿಜಿ ಪನ್ನಾಳನ್ನು ತಕ್ಕಡಿಯ ಮೇಲೆ ಮಲಗಿಸಿದಳು. ಸರಿಯಾಗಿ ಎರಡು ಸಾವಿರದ ಇನ್ನೂರು ಗ್ರಾಂ. ಟಿಮೆಯಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಆಗ ಎಟೆಲ್ಕಾಳ ಕೈ ತಾನಾಗಿ ಮುಂದೆ ಹೋಯಿತು. ಪಕ್ಕದಲ್ಲಿದ್ದ ಹೊದಿಕೆಯ ಒಂದು ತುದಿ ತಕ್ಕಡಿಯ ತಟ್ಟೆಯ ಮೇಲೆ ಬಿದ್ದಿತ್ತು. ಅದನ್ನು ಎತ್ತಿ ಆಚೆ ಸರಿಸಿದಳು. ಸುತ್ತುವ ಕಾಗದದ ತೂಕ ಕಳೆಯದೆ ಅವಳು ಒಂದು ಚೂರು ಚೀಸನ್ನೂ ಮಾರಿದವಳಲ್ಲ. ತಕ್ಕಡಿ ಎರಡು ಸಾವಿರದ ನೂರತೊಂಬತ್ತಕ್ಕೆ ಇಳಿಯಿತು.

"ಅಮ್ಮ, ಏನ್ ಮಾಡ್ದೆ ನೀನು?"

"ಅದು ಬಟ್ಟೆ ತೂಕ ಕಣೆ. ಮಗೂದಲ್ಲ."

ಗಿಜಿ ತಾನು ಗಮನಿಸಲೇ ಇಲ್ಲವೆಂದು ನಾಲಗೆ ಕಚ್ಚಿಕೊಂಡಳು. ಡಾಕ್ಟರು ಬಂದು ನೋಡಿ, ನಾಳೆ ಮತ್ತೆ ತೂಗೋಣ ಎಂದು ಹೋದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಟಿಮೆಯಾ ಹೊರಗಿನ ಬೆಂಚಿನವರೆಗೂ ತಡೆದುಕೊಂಡಿದ್ದು ದೊಡ್ಡದು.

"ಊರೋರ್ಗೆಲ್ಲ ಎರಡೆರಡು ಡೆಕಾ ಇರ್ಲಾ ಇರ್ಲಾ ಅಂತೀಯ. ಸ್ವಂತ ಮೊಮ್ಮಗಳಿಗೆ ಒಂದು ಡೆಕಾ ಬಿಡ್ಲಿಲ್ವಲ್ಲಮ್ಮ."

"ಜಾಸ್ತಿ ಕತ್ತರಿಸ್ತೀನಿ, ನಿಜ. ಜಾಸ್ತಿ ಆಯ್ತು ಅಂತ ಹೇಳೇ ಕೊಡ್ತೀನಿ," ಎಂದಳು ಎಟೆಲ್ಕಾ. "ಬಟ್ಟೆ ತೂಕ ನಂಬ್ಕೊಂಡು ಕೂಸನ್ನ ಮನೆಗೆ ತಂದು, ಆಮೇಲೆ ಅದಕ್ಕೇನಾದ್ರೂ ಆದ್ರೆ..."

ಆರು ವಾರ ಸಾಲಿನವರೆದುರು ನಗುನಗುತ್ತಾ ಲೆಕ್ಕ ಸಾರಿದವಳು ಈಗ ಅಂಗಡಿಯ ಏಪ್ರನ್ನಿನಲ್ಲೇ ಮುಖ ಮುಚ್ಚಿ ಅತ್ತಳು. ಅವಳಿಗೆ ಇಷ್ಟು ಭಯವಿತ್ತೆಂದು ಟಿಮೆಯಾಗೆ ಗೊತ್ತೇ ಇರಲಿಲ್ಲ. ತನಗೂ ಅಷ್ಟೇ ಇತ್ತು. ಬೈಯಲು ಎತ್ತಿದ ಕೈಯನ್ನೇ ಅಮ್ಮನ ಹೆಗಲ ಸುತ್ತ ಹಾಕಿದಳು. ಅಮ್ಮನ ಮೈಯಿಂದ ಎಂದಿನಂತೆ ಬೆಳ್ಳುಳ್ಳಿ, ಮೆಣಸಿನಪುಡಿಯ ವಾಸನೆ ಬರುತ್ತಿತ್ತು.

ಮರುದಿನ ಗಿಜಿ ಕೂಸನ್ನು ತಕ್ಕಡಿಗೆ ತಂದಾಗ ಟಿಮೆಯಾ ಅಡ್ಡ ಬಂದಳು.

"ಸ್ವಲ್ಪ ತಡೀರಿ. ಈ ಟೋಪಿನೂ ತೆಗೀತೀನಿ."

ಟೋಪಿ ತೆಗೆದಳು, ಕಾಲುಚೀಲ ತೆಗೆದಳು, ಕೊನೆಗೆ ಲಂಗೋಟಿಯನ್ನೂ ಬಿಚ್ಚಿದಳು. ಬೆತ್ತಲೆ ಪನ್ನಾ ಸಿಟ್ಟಿನಿಂದ ಕೆಂಪಾಗಿ, ವಾರ್ಡೇ ಹಾರಿಹೋಗುವಂತೆ ಕಿರುಚಿದಳು. ತಕ್ಕಡಿಯ ಅಂಕಿ ಅತ್ತಿತ್ತ ಓಡಿ ನಿಂತಿತು. ಗಿಜಿ ಆಸ್ಪತ್ರೆಯ ಭಾಷೆ ಬಿಟ್ಟು, ಎರಡು ಕಿಲೋ ಇಪ್ಪತ್ತೊಂದು ಡೆಕಾ ಎಂದು ಎಟೆಲ್ಕಾಳ ಕಡೆ ನೋಡಿ ನಕ್ಕಳು.

ಎಟೆಲ್ಕಾ ಈವರೆಗೆ ಮೊಮ್ಮಗಳನ್ನು ಒಮ್ಮೆಯೂ ಎತ್ತಿಕೊಂಡಿರಲಿಲ್ಲ. ಈಗಲೂ ಹೆದರಿ ಒಂದು ಹೆಜ್ಜೆ ಹಿಂದೆ ಸರಿದಳು. ಟಿಮೆಯಾ ಬಿಡಲಿಲ್ಲ. ಕೈಕಾಲು ಬಡಿಯುತ್ತಿದ್ದ ಕೂಸನ್ನು ತಂದು ಅವಳ ತೋಳಿಗಿಟ್ಟಳು.

"ಎತ್ಕೋ ಅಮ್ಮ. ಅಷ್ಟೂ ಅವಳದೇ ತೂಕ."